ಬ್ಲೇರ್ ಬೆಟ್ಟ: ಪಟ್ಟಿಗೆ ಸೇರಿ, ಬಿಟ್ಟು, ಮತ್ತೆ ಸೇರಿದ ಕಥೆ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಬ್ಲೇರ್ ಅನ್ನುವ ಬೆಟ್ಟವಿದೆ. 2009ರಲ್ಲಿ ಅದನ್ನು ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ವರ್ಷ ತುಂಬುವ ಮೊದಲೇ ತೆಗೆದರು. ಜಮೀನಿನ ಮಾಲೀಕರಲ್ಲಿ ಜಾಸ್ತಿ ಜನ ಒಪ್ಪಿಲ್ಲ ಅನ್ನುವುದು ಕೊಟ್ಟ ಕಾರಣ. ಹಾಗೆ ತೆಗೆದದ್ದು ತಪ್ಪು ಎಂದು 2016ರಲ್ಲಿ ಕೋರ್ಟು ಹೇಳಿತು. 2018ರಲ್ಲಿ ಹೆಸರು ವಾಪಸ್ ಬಂತು. ಒಂದು ಬೆಟ್ಟಕ್ಕೆ ಇಷ್ಟೊಂದು ಜಗ್ಗಾಟ ಯಾಕೆ? ಅದರ ಹೊಟ್ಟೆಯಲ್ಲಿ ಕಲ್ಲಿದ್ದಲಿದೆ, ಮೈಮೇಲೆ 1921ರ ಗುಂಡುಗಳಿವೆ.

ಅಂತರ್ಯುದ್ಧದ ನಡುವೆ, 1863ರಲ್ಲಿ, ವರ್ಜೀನಿಯಾದಿಂದ ಒಡೆದು ಹುಟ್ಟಿದ ರಾಜ್ಯ ಇದು. ಆಮೇಲೆ ರೈಲು ಬಂತು, ರೈಲಿನ ಹಿಂದೆ ಗಣಿಗಳು ಬಂದವು, 1907ರಲ್ಲಿ ಮೊನೊಂಗಾದ ಗಣಿ ಸಿಡಿದು 360ಕ್ಕೂ ಹೆಚ್ಚು ಜನ ಸತ್ತರು.

ದಕ್ಷಿಣದ ಕಣಿವೆಗಳಲ್ಲಿ ಊರಿಗೆ ಊರೇ ಕಂಪನಿಯದ್ದು. ಮನೆ ಕಂಪನಿಯದ್ದು, ಅಂಗಡಿ ಕಂಪನಿಯದ್ದು, ಡಾಕ್ಟರೂ ಕಂಪನಿಯವರೇ. ಕೂಲಿಯ ಬದಲು ಎಷ್ಟೋ ಕಡೆ ಟೋಕನ್ ಕೊಡುತ್ತಿದ್ದರು. ಅದು ನಡೆಯುತ್ತಿದ್ದದ್ದು ಆ ಅಂಗಡಿಯಲ್ಲಿ ಮಾತ್ರ. ಕೂಲಿ ಟನ್ ಲೆಕ್ಕದಲ್ಲಿ. ಸುರಂಗ ಕುಸಿಯದ ಹಾಗೆ ಮರದ ಆಸರೆ ಕೊಡುವುದು, ಹಳಿ ಹಾಕುವುದು, ಇವಕ್ಕೆಲ್ಲ ಸಾಮಾನ್ಯವಾಗಿ ಕಾಸಿಲ್ಲ. ಜೀವ ಉಳಿಸಿಕೊಳ್ಳುವ ಕೆಲಸ ಮಾತ್ರ ಬಿಟ್ಟಿ, ವಿಚಿತ್ರ ಅಲ್ವಾ? ಕಾರ್ಮಿಕ ಸಂಘ ಸೇರುವುದಿಲ್ಲ ಎಂದು ಬರೆದುಕೊಟ್ಟರೆ ಕೆಲಸ. ಮಾತು ಮುರಿದರೆ ಖಾಸಗಿ ಪತ್ತೇದಾರರು ಬಂದು ಪಾತ್ರೆ ಪಗಡಿ ಬೀದಿಗೆ ಹಾಕುತ್ತಿದ್ದರು.

1920ರ ಮೇ 19ರಂದು ಮೇಟ್ವಾನ್ ಎಂಬ ಸಣ್ಣ ಊರಿನಲ್ಲಿ ಆದದ್ದು ಇದೇ. ಕುಟುಂಬಗಳನ್ನು ಹೊರಹಾಕಿ ರೈಲು ಹಿಡಿಯಲು ಹೊರಟ ಪತ್ತೇದಾರರನ್ನು ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಮೇಯರ್ ತಡೆದರು. ಮೊದಲ ಗುಂಡು ಯಾರದ್ದು ಅನ್ನುವುದು ಕೊನೆಗೂ ತೀರ್ಮಾನವಾಗಲಿಲ್ಲ. ಏಳು ಪತ್ತೇದಾರರು, ಇಬ್ಬರು ಗಣಿ ಕಾರ್ಮಿಕರು ಮತ್ತು ಮೇಯರ್ ಸತ್ತರು. ಬದುಕುಳಿದ ಹ್ಯಾಟ್‌ಫೀಲ್ಡ್ ಗಣಿ ಜನರ ಪಾಲಿಗೆ ಹೀರೋ ಆದ.

1921ರ ಆಗಸ್ಟ್ 1ರಂದು ಬೇರೊಂದು ಕೇಸಿಗಾಗಿ ಅವನು ವೆಲ್ಚ್ ಊರಿನ ಕೋರ್ಟಿಗೆ ಬಂದ. ಜೊತೆಗೆ ಗೆಳೆಯ ಎಡ್ ಚೇಂಬರ್ಸ್, ಇಬ್ಬರ ಹೆಂಡತಿಯರು. ಮೆಟ್ಟಿಲು ಹತ್ತುವಾಗಲೇ ಪತ್ತೇದಾರರು ಹ್ಯಾಟ್‌ಫೀಲ್ಡ್, ಚೇಂಬರ್ಸ್ ಇಬ್ಬರನ್ನೂ ಗುಂಡಿಟ್ಟು ಕೊಂದರು. ಕೊಂದವರು ಆತ್ಮರಕ್ಷಣೆ ಎಂದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಅದೇ ತಿಂಗಳು ಸುಮಾರು 10,000 ಗಣಿ ಕಾರ್ಮಿಕರು ಬಂದೂಕು ಹಿಡಿದು ಹೊರಟರು. ಮಿಂಗೋ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಜೈಲಿಗೆ ಹಾಕಿದ್ದ ತಮ್ಮವರನ್ನು ಬಿಡಿಸಬೇಕಿತ್ತು. ಕರಿಯರು, ಬಿಳಿಯರು, ಇಟಲಿಯಿಂದ, ಹಂಗೇರಿಯಿಂದ ಬಂದವರು ಎಲ್ಲ ಒಟ್ಟಿಗೆ. ಆ ಕಾಲದ ಅಮೆರಿಕದಲ್ಲಿ ಇದೇನು ಸಣ್ಣ ಮಾತಲ್ಲ. ಗುರುತಿಗೆ ಕುತ್ತಿಗೆಗೆ ಕೆಂಪು ಬಟ್ಟೆ. ದಾರಿಯಲ್ಲಿ ಲೋಗನ್ ಕೌಂಟಿ, ಅಲ್ಲಿ ಬ್ಲೇರ್ ಬೆಟ್ಟ. ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನ ಕಡೆಯ ಸುಮಾರು 3,000 ಜನ ಮೆಷಿನ್ ಗನ್ ಇಟ್ಟುಕೊಂಡು ಮೇಲೆ ಕಾಯುತ್ತಿದ್ದರು. ಬಾಡಿಗೆ ವಿಮಾನಗಳಿಂದ ಕೈಯಲ್ಲೇ ಮಾಡಿದ ಬಾಂಬುಗಳನ್ನೂ ಉದುರಿಸಿದರು. ಸೆಪ್ಟೆಂಬರ್ ಮೊದಲ ವಾರ ಕೇಂದ್ರದ ಸೈನ್ಯ ಬಂದಾಗ ಗಣಿಯವರು ಜಗಳ ನಿಲ್ಲಿಸಿದರು. ಅವರಲ್ಲಿ ಎಷ್ಟೋ ಜನ ಮೊದಲ ಮಹಾಯುದ್ಧದಲ್ಲಿ ಅದೇ ಸೈನ್ಯದಲ್ಲಿದ್ದವರು. ಅದರ ಮೇಲೆ ಗುಂಡು ಹಾರಿಸಲು ಅವರಿಗೆ ಮನಸ್ಸಿರಲಿಲ್ಲ. ಸತ್ತವರ ಲೆಕ್ಕ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

1922ರಲ್ಲಿ ಚಾರ್ಲ್ಸ್ ಟೌನ್ ಊರಿನಲ್ಲಿ ಗಣಿಯವರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಗುಲಾಮಗಿರಿಯ ವಿರುದ್ಧ ಬಂದೂಕು ಎತ್ತಿದ ಜಾನ್ ಬ್ರೌನ್‌ನನ್ನು 1859ರಲ್ಲಿ ವಿಚಾರಿಸಿದ್ದೂ ಇದೇ ಕೋರ್ಟಿನಲ್ಲಿ. ಗಣಿಯವರ ಮುಖಂಡ ಬಿಲ್ ಬ್ಲಿಜ಼ರ್ಡ್ ಬಿಡುಗಡೆಯಾದ. ಆದರೆ ಸಂಘ ನೆಲಕಚ್ಚಿತು. 1933ರಲ್ಲಿ ಕೇಂದ್ರದ ಕಾನೂನು ಬದಲಾಗುವ ತನಕ ಎದ್ದೇಳಲಿಲ್ಲ. ಶಾಲೆಯ ಪುಸ್ತಕಗಳಲ್ಲಿ ಈ ಕಥೆ ಬಹಳ ಕಾಲ ಬರಲೇ ಇಲ್ಲ.

ಆಮೇಲೆ ಯಂತ್ರಗಳು ಬಂದವು, ಗಣಿಯ ಕೆಲಸಗಳು ಕರಗಿದವು. ಬೆಟ್ಟದ ತಲೆಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುವ ವಿಧಾನ ಬಂತು. ಪಟ್ಟಿಯ ಜಗ್ಗಾಟದ ಗುಟ್ಟು ಇಲ್ಲಿದೆ. ಪಟ್ಟಿಯಲ್ಲಿರುವ ಜಾಗದಲ್ಲಿ ಹೀಗೆ ಅಗೆಯಲು ಕಾನೂನು ಸುಲಭವಾಗಿ ಬಿಡುವುದಿಲ್ಲ. ಮೊದಲಿನಿಂದ ಹಕ್ಕು ಪಡೆದವರಿಗೆ ಮಾತ್ರ ಅದರಲ್ಲೂ ವಿನಾಯಿತಿ ಇದೆ.

2018ರ ಆರಂಭದಲ್ಲಿ, ಬೆಟ್ಟದ ಹೆಸರು ಇನ್ನೂ ವಾಪಸ್ ಬಂದಿರಲಿಲ್ಲ, ಸಂಬಳಕ್ಕಾಗಿ ರಾಜ್ಯದ 55 ಕೌಂಟಿಗಳ ಶಿಕ್ಷಕರೂ ಮುಷ್ಕರ ಹೂಡಿದರು. ಅವರಲ್ಲಿ ಬಹಳ ಜನರ ಕುತ್ತಿಗೆಯಲ್ಲಿ ಕೆಂಪು ಬಟ್ಟೆ ಇತ್ತು.