ತಾರೀಖು ನೆನಪಿಡಲು ಬಂದು ಬೋರ್ಡನ್ನೇ ತಿಂದ ಬ್ಯಾಟರಿ

ಹಳೆಯ 386 ಅಥವಾ 486 ಕಂಪ್ಯೂಟರೊಂದು ಕೈಗೆ ಸಿಕ್ಕಿದಾಗ ಕೂಡಲೇ ವಿದ್ಯುತ್ ಕೊಟ್ಟು ನೋಡಬೇಕೆನ್ನಿಸುವುದು ಸಹಜ. ಸ್ವಲ್ಪ ತಡೆಯಿರಿ. ಮೊದಲು ಮುಚ್ಚಳ ಬಿಚ್ಚಿ, ಕೀಬೋರ್ಡ್ ಸಿಕ್ಕಿಸುವ ಮೂಲೆಯ ಆಸುಪಾಸಿಗೆ ಟಾರ್ಚ್ ಹಿಡಿಯಿರಿ. ಹೆಬ್ಬೆರಳ ತುದಿಯಷ್ಟು ದಪ್ಪದ, ನೀಲಿ ಹೊದಿಕೆಯ ಪುಟ್ಟ ಪೀಪಾಯಿಯೊಂದು ಯಂತ್ರದ ಮುಖ್ಯ ಸರ್ಕ್ಯೂಟ್ ಬೋರ್ಡಿಗೆ ಬೆಸೆದುಕೊಂಡು ಕುಳಿತಿರಬಹುದು. ಅದರ ತುದಿಗಳಲ್ಲಿ ಬಿಳಿ ಹುಡಿ, ಸುತ್ತಲಿನ ತಾಮ್ರದ ಮೇಲೆ ಹಸಿರು-ನೀಲಿ ಕಿಲುಬು ಕಂಡರೆ ಯಂತ್ರದ ಕಾಯಿಲೆ ಗೊತ್ತಾದಂತೆಯೇ. ನಾನು ಮೊದಲ ಸಲ ಅದನ್ನು ಕಂಡಾಗ ಯಾರೋ ಏನನ್ನೋ ಚೆಲ್ಲಿ ಒರೆಸದೆ ಬಿಟ್ಟಿದ್ದಾರೆಂದು ಬಯ್ದುಕೊಂಡಿದ್ದೆ. ಚೆಲ್ಲಿದ್ದು ಬ್ಯಾಟರಿಯೇ ಎಂದು ತಿಳಿದದ್ದು, ಕೀಬೋರ್ಡ್ ಕೆಲಸ ಮಾಡದೆ ಎರಡು ದಿನ ಒದ್ದಾಡಿದ ಮೇಲೆ.

ಹಳೆಯ ಕಂಪ್ಯೂಟರ್ ಉಳಿಸಿಕೊಳ್ಳಲು ಹೊರಟವರಿಗೆ ಶತ್ರುಗಳು ಒಂದೆರಡಲ್ಲ. ಹಳದಿಯಾಗುವ ಪ್ಲಾಸ್ಟಿಕ್, ಬೂಷ್ಟು ಹಿಡಿಯುವ ಫ್ಲಾಪಿ, ಸೋರುವ ಕೆಪಾಸಿಟರ್ (ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ) ಎಲ್ಲವೂ ಇವೆ. ಆದರೂ ನನಗೆ ಹೆಚ್ಚು ಸಿಟ್ಟು ಬರುವುದು ಈ ಬ್ಯಾಟರಿಯ ಮೇಲೆ. ಮೊದಲಿಗೆ ಕಂಪ್ಯೂಟರ್ ಓಡಲು ಅದು ಬೇಕಾಗಿರಲಿಲ್ಲ. ಸ್ವಿಚ್ ಆರಿಸಿದ ಮೇಲೂ ಇವತ್ತಿನ ತಾರೀಖು ಯಾವುದೆಂದು ನೆನಪಿಟ್ಟುಕೊಳ್ಳುವುದಷ್ಟೇ ಆಗ ಅದರ ಕೆಲಸ. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಅಪಾಯದ ವಸ್ತು ಬೋರ್ಡಿನ ಮೇಲೆ ಬಂದು ಕುಳಿತದ್ದು ಹೇಗೆ?

ಮೊದಮೊದಲ ಮನೆ ಕಂಪ್ಯೂಟರ್‌ಗಳಿಗೆ ಆ ನೆನಪಿನ ಹಂಗೇ ಇರಲಿಲ್ಲ. 1982ರ ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಅದೇ ವರ್ಷದ ಕಮೊಡೋರ್ 64ರಲ್ಲಿ ಒಂದು ಗಡಿಯಾರವಿತ್ತು, ಅದೂ ಜಾಣತನದ್ದು: ಗೋಡೆಯ ವಿದ್ಯುತ್ತಿನ ಅಲೆಗಳನ್ನು, ಸೆಕೆಂಡಿಗೆ 50 ಅಥವಾ 60ರಂತೆ, ಎಣಿಸುತ್ತಾ ಸಮಯ ಲೆಕ್ಕಹಾಕುತ್ತಿತ್ತು. ವಿದ್ಯುತ್ ಹೋಯಿತೋ, ಎಣಿಕೆಯೂ ಹೋಯಿತು. ಆಟ ಆಡುವವನಿಗೆ, ಬೇಸಿಕ್‌ನಲ್ಲಿ ನಾಲ್ಕು ಸಾಲು ಬರೆಯುವವನಿಗೆ ತಾರೀಖು ಯಾತಕ್ಕೆ? ಆ ಯಂತ್ರಗಳು ಇಂದಿಗೂ ದೊಡ್ಡ ಸಂಖ್ಯೆಯಲ್ಲಿ ಬದುಕಿರುವುದಕ್ಕೆ ಈ ಮರೆಗುಳಿತನವೂ ಒಂದು ಕಾರಣ ಎಂದು ನನ್ನ ಎಣಿಕೆ. (ಕಮೊಡೋರ್ 64ಕ್ಕೆ ಬೇರೆ ಗಂಡಾಂತರವಿದೆ. ಅದರ ವಿದ್ಯುತ್ ಪೆಟ್ಟಿಗೆ ಮುಪ್ಪಾದಾಗ 5 ವೋಲ್ಟ್‌ಗಿಂತ ಹೆಚ್ಚು ಕೊಟ್ಟು ಚಿಪ್‌ಗಳನ್ನು ಸುಡುತ್ತದೆ. ಅದರ ಕಥೆ ಬೇರೆಯೇ.)

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಆರಿಸಿದ ಮೇಲೆ ನಡೆಯುವ ಗಡಿಯಾರ ಇರಲಿಲ್ಲ. ಆದರೆ ಅದು ಕಚೇರಿಯ ಯಂತ್ರ, ಕಡತಗಳಿಗೆ ತಾರೀಖು ಬೇಕು. ಹಾಗಾಗಿ ಅದನ್ನು ನಡೆಸುವ ತಂತ್ರಾಂಶವಾದ ಡಾಸ್ ಪ್ರತಿ ಬೆಳಿಗ್ಗೆ ಎದ್ದು ತಾರೀಖು ಕೇಳುತ್ತಿತ್ತು, ಆಮೇಲೆ ಸಮಯ ಕೇಳುತ್ತಿತ್ತು. ಜನ ಎರಡು ಸಲ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದರು. ಹಳೆಯ ಫ್ಲಾಪಿಗಳಲ್ಲಿ 1980ರ ಜನವರಿ 1ರಂದು ಹುಟ್ಟಿದ ಕಡತಗಳು ಇನ್ನೂ ಸಿಗುವುದು ಇದರಿಂದಲೇ. ಆ ದಿನ ಪಿಸಿಯೇ ಹುಟ್ಟಿರಲಿಲ್ಲ. ಈ ಕಿರಿಕಿರಿ ತಪ್ಪಿಸಲು ಗಡಿಯಾರ ಮತ್ತು ಬ್ಯಾಟರಿ ಇರುವ ಹೆಚ್ಚುವರಿ ಕಾರ್ಡ್‌ಗಳು ಬಂದವು. ಎಎಸ್‌ಟಿ ಕಂಪನಿಯ ಸಿಕ್ಸ್‌ಪ್ಯಾಕ್ ಪ್ಲಸ್ ಅವುಗಳಲ್ಲಿ ಹೆಸರಾದದ್ದು.

ತಿರುವು ಸಿಕ್ಕಿದ್ದು 1984ರಲ್ಲಿ, ಐಬಿಎಂನ ಪಿಸಿ ಎಟಿಯೊಂದಿಗೆ. ಅದರ ಬೋರ್ಡಿನಲ್ಲಿ ಮೊಟೊರೊಲಾದ ಎಂಸಿ146818 ಎಂಬ ಚಿಪ್ ಇತ್ತು. ಅದರೊಳಗೆ ಒಟ್ಟು 64 ಬೈಟ್‌ಗಳ ನೆನಪು. 14 ಬೈಟ್ ಗಡಿಯಾರಕ್ಕೆ ಸಾಕು, ಉಳಿದದ್ದು 50. ಬಿಟ್ಟಿ ಸಿಕ್ಕ ಆ 50 ಬೈಟ್‌ಗಳಲ್ಲಿ ಯಂತ್ರದ ಜಾತಕವನ್ನೇ ಬರೆದಿಟ್ಟರು: ಮೆಮೊರಿ ಎಷ್ಟಿದೆ, ಎಂಥ ಫ್ಲಾಪಿ ಡ್ರೈವ್, ಯಾವ ಬಗೆಯ ಹಾರ್ಡ್ ಡಿಸ್ಕ್. ನನ್ನ ಪ್ರಕಾರ ಮುಂದಿನದೆಲ್ಲಕ್ಕೂ ಬೀಜ ಬಿದ್ದದ್ದು ಇಲ್ಲಿ. ತಾರೀಖು ಮರೆತ ಯಂತ್ರವನ್ನು ಕ್ಷಮಿಸಬಹುದು, ಹಾರ್ಡ್ ಡಿಸ್ಕನ್ನೇ ಮರೆತ ಯಂತ್ರ ಎದ್ದು ಕೂರುವುದಿಲ್ಲ. ಅನುಕೂಲಕ್ಕೆಂದು ಇದ್ದ ಬ್ಯಾಟರಿ ಒಂದೇ ಏಟಿಗೆ ಅನಿವಾರ್ಯವಾಯಿತು. ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯ ಒಳಗೆ ಅಂಟಿಸಿಡುವ ಅಭ್ಯಾಸ ಆಗಿನ ಬಳಕೆದಾರರದು. ಅಂಥ ಚೀಟಿ ಸಿಕ್ಕರೆ ಈಗಲೂ ಕೀಳಬೇಡಿ.

ಐಬಿಎಂ ಒಂದು ವಿಷಯದಲ್ಲಿ ಎಚ್ಚರ ವಹಿಸಿತ್ತು. ಎಟಿಯ ಲಿಥಿಯಮ್ ಬ್ಯಾಟರಿ ಬೋರ್ಡಿನ ಮೇಲಿರಲಿಲ್ಲ, ಡಬ್ಬಿಯ ಗೋಡೆಗೆ ಅಂಟಿಕೊಂಡು ತಂತಿಯ ಮೂಲಕ ಬೋರ್ಡನ್ನು ಮುಟ್ಟುತ್ತಿತ್ತು. ಸೋರಿದರೂ ತಗಡಿನ ಮೇಲೆ ಸೋರಬೇಕು. ಅದನ್ನು ನಕಲು ಮಾಡಿದ ಅಗ್ಗದ ಬೋರ್ಡ್‌ಗಳ ತಯಾರಕರು ಎಚ್ಚರವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಕಲು ಮಾಡಿದರು. ಮೂರು ನಿಕಲ್-ಕ್ಯಾಡ್ಮಿಯಮ್ ಸೆಲ್‌ಗಳನ್ನು ಒಂದರ ಮೇಲೊಂದಿಟ್ಟರೆ ತಲಾ 1.2ರಂತೆ 3.6 ವೋಲ್ಟ್. ಕಂಪ್ಯೂಟರ್ ಓಡುವಾಗ ತಾನಾಗಿ ಚಾರ್ಜ್ ಆಗುತ್ತದೆ, ಬದಲಿಸುವ ತಾಪತ್ರಯವಿಲ್ಲ, ತಂತಿಯ ಖರ್ಚಿಲ್ಲ, ಕಾರ್ಖಾನೆಯಲ್ಲೇ ಬೆಸೆದುಬಿಡಬಹುದು. ಒಂದು ಕಂಪ್ಯೂಟರ್ ನಾಲ್ಕೈದು ವರ್ಷ ಬಳಕೆಯಾಗಿ ಮೂಲೆ ಸೇರುತ್ತಿದ್ದ ಕಾಲದಲ್ಲಿ ಅವರ ಲೆಕ್ಕ ತಪ್ಪಿರಲಿಲ್ಲ. ಮೂಲೆ ಸೇರಿದ್ದನ್ನು ಮೂವತ್ತು ವರ್ಷದ ನಂತರ ಯಾರೋ ಮುದ್ದಿನಿಂದ ತೆರೆದಾರು ಎಂದು ಯಾರು ತಾನೆ ಊಹಿಸಿದ್ದರು?

ಮೂಲೆ ಸೇರುವುದೇ ಈ ಬ್ಯಾಟರಿಗೆ ವಿಷ. ಚಾರ್ಜ್ ಸಿಗದೆ ಅದು ಬರಿದಾಗುತ್ತದೆ. ಮೂರರಲ್ಲಿ ದುರ್ಬಲವಾದ ಸೆಲ್ ಮೊದಲು ಖಾಲಿಯಾದಾಗ ಉಳಿದೆರಡು ಅದರ ಮೂಲಕ ಉಲ್ಟಾ ವಿದ್ಯುತ್ ಹರಿಸುತ್ತವೆ, ಒಳಗೆ ಅನಿಲ ಹುಟ್ಟುತ್ತದೆ, ಒತ್ತಡ ಏರಿ ಮೊಹರು ಬಿರಿಯುತ್ತದೆ. ವರ್ಷಗಳು ಕಳೆದಂತೆ ಮೊಹರು ತಾನಾಗಿಯೂ ಸವೆಯುತ್ತದೆ. ಹೊರಬರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಅಂದರೆ ಕಟುವಾದ ಕ್ಷಾರ. ಅನೇಕರು ಇದನ್ನು ‘ಬ್ಯಾಟರಿ ಆಸಿಡ್’ ಎನ್ನುತ್ತಾರೆ. ಅದು ಬರಿಯ ಮಾತಿನ ತಪ್ಪಾಗಿದ್ದರೆ ಬಿಡಬಹುದಿತ್ತು, ಔಷಧವೂ ತಪ್ಪುತ್ತದೆ ಎಂಬುದೇ ತೊಂದರೆ. ಈ ಕ್ಷಾರ ಬಿದ್ದಲ್ಲೇ ಒಣಗುವ ಜಾತಿಯದ್ದಲ್ಲ, ತೆವಳುತ್ತದೆ. ಬೋರ್ಡಿನ ಹಸಿರು ಲೇಪದ ಅಡಿಗೆ ನುಸುಳಿ, ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ಹಿಡಿದು ಸಾಗಿ, ಪದರಗಳ ನಡುವಿನ ರಂಧ್ರಗಳಿಗೆ ಇಳಿಯುತ್ತದೆ. ಮೇಲಿನಿಂದ ಚೊಕ್ಕಟವಾಗಿ ಕಾಣುವ ಗೆರೆ ಒಳಗೆ ಕಡಿದುಹೋಗಿರುತ್ತದೆ. ಪಿಸಿ ಬೋರ್ಡ್‌ಗಳಲ್ಲಿ ಬ್ಯಾಟರಿ ಬಹಳ ಸಲ ಕೀಬೋರ್ಡ್ ಕೊಂಡಿಯ ನೆರೆಯಲ್ಲೇ ಇರುವುದರಿಂದ ಮೊದಲ ಬಲಿ ಕೀಬೋರ್ಡ್.

ಕಮೊಡೋರ್ ಕಂಪನಿಯದೇ ಅಮಿಗಾ ಕಂಪ್ಯೂಟರ್‌ಗಳ ಬಳಗದಲ್ಲಿ ಈ ಕಥೆಗೆ ಇನ್ನೊಂದು ವ್ಯಂಗ್ಯವಿದೆ. 1987ರ ಅಮಿಗಾ 500ರ ಮುಖ್ಯ ಬೋರ್ಡಿನಲ್ಲಿ ಬ್ಯಾಟರಿ ಇರಲಿಲ್ಲ, ಅದು ಎ501 ಎಂಬ ಮೆಮೊರಿ ಕಾರ್ಡಿನ ಮೇಲಿತ್ತು. ಸೋರಿದರೆ ಕಾರ್ಡ್ ಹೋಗುತ್ತಿತ್ತು, ಯಂತ್ರ ಉಳಿಯುತ್ತಿತ್ತು. 1991ರಲ್ಲಿ ಸುಧಾರಿತ ಅಮಿಗಾ 500 ಪ್ಲಸ್ ಬಂದಾಗ ಗಡಿಯಾರವನ್ನೂ ಬ್ಯಾಟರಿಯನ್ನೂ ಮುಖ್ಯ ಬೋರ್ಡಿಗೇ ಏರಿಸಿದರು. ಇಂದು ಹಳೆಯ 500 ಸಾಮಾನ್ಯವಾಗಿ ಸ್ವಿಚ್ ಹಾಕಿದೊಡನೆ ಏಳುತ್ತದೆ, ಸುಧಾರಿತ ಪ್ಲಸ್ ಮಾತ್ರ ಆಸ್ಪತ್ರೆ ಸೇರುತ್ತದೆ. ಅಮಿಗಾ 2000, 3000, 4000ಗಳದೂ, ಏಕಾರ್ನ್ ಕಂಪನಿಯ ಎ3000 ಕಂಪ್ಯೂಟರಿನದೂ ಇದೇ ಪಾಡು. 1992ರ ಅಮಿಗಾ 600 ಮತ್ತು 1200ರಲ್ಲಿ ಬ್ಯಾಟರಿ ಇಲ್ಲವೆಂದು ಖುಷಿಪಡಬೇಡಿ, ಅವುಗಳ ಬೋರ್ಡಿನ ಮೈಗಂಟಿದ ಕೆಪಾಸಿಟರ್‌ಗಳು ಸೋರುತ್ತವೆ.

ಮ್ಯಾಕಿಂತಾಷ್‌ನದು ಬೇರೆಯ ರಸಾಯನ. 1984ರ ಮೊದಲ ಮ್ಯಾಕ್‌ನಲ್ಲಿ ಬ್ಯಾಟರಿಗೆ ಹಿಂಬದಿಯಲ್ಲಿ ಪುಟ್ಟ ಬಾಗಿಲಿತ್ತು, ಯಾರು ಬೇಕಾದರೂ ತೆಗೆದು ಬದಲಿಸಬಹುದಿತ್ತು. ಮುಂದೆ ಆ ಬಾಗಿಲು ಮಾಯವಾಯಿತು. 1989ರ ಎಸ್‌ಇ/30ರಂಥ ಯಂತ್ರಗಳಲ್ಲಿ 3.6 ವೋಲ್ಟ್‌ನ ಗಿಡ್ಡ ಲಿಥಿಯಮ್ ಸೆಲ್ ಡಬ್ಬಿಯ ಒಳಗೆ ಬೋರ್ಡಿನ ಮೇಲೆಯೇ ಕೂತಿತು. ಅದರೊಳಗಿನ ಥಯೋನಿಲ್ ಕ್ಲೋರೈಡ್ ಗಾಳಿಯ ತೇವ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಇಲ್ಲಿ ಬೋರ್ಡಷ್ಟೇ ಅಲ್ಲ, ಒಳಗಿನ ಉಕ್ಕಿನ ಚೌಕಟ್ಟು ಕೂಡ ತುಕ್ಕಿನ ರಾಶಿಯಾಗಿ ಉದುರಿರುವುದನ್ನು ನೋಡಬಹುದು. ಒಳ್ಳೆಯ ಮ್ಯಾಕ್‌ಗಳು ಹೀಗೆ ಹೋಗಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಸೋರದ ಉಪಾಯವೂ ಒಂದು ಬಂದಿತ್ತು. ಡಲ್ಲಾಸ್ ಸೆಮಿಕಂಡಕ್ಟರ್‌ನವರು ಗಡಿಯಾರದ ಚಿಪ್, ಸ್ಫಟಿಕ, ಲಿಥಿಯಮ್ ಸೆಲ್ ಮೂರನ್ನೂ ಒಂದೇ ಕಪ್ಪು ಇಟ್ಟಿಗೆಯೊಳಗೆ ಹುದುಗಿಸಿ ಡಿಎಸ್1287 ಎಂದು ಮಾರಿದರು. ಹತ್ತು ವರ್ಷದ ಮೇಲೆ ಬಾಳುತ್ತದೆಂದು ಅದರ ವಿವರಪತ್ರವೇ ಹೇಳುತ್ತದೆ, ಬಾಳಿತು ಕೂಡ. ಹನ್ನೊಂದನೆಯ ವರ್ಷದ ಚಿಂತೆ ಅದರಲ್ಲಿ ಬರೆದಿರಲಿಲ್ಲ. ಈಗ ಹವ್ಯಾಸಿಗಳು ಆ ಇಟ್ಟಿಗೆಯ ಪಕ್ಕವನ್ನು ಸಣ್ಣ ಗರಗಸದಿಂದ ಕೊರೆದು, ಒಳಗಿನ ಸತ್ತ ಸೆಲ್‌ನ ಸಂಪರ್ಕ ಕತ್ತರಿಸಿ, ಹೊರಗೆ ನಾಣ್ಯದಂಥ ಸೆಲ್ ಕೂರಿಸುತ್ತಾರೆ. ಕೈ ಪಳಗದವರು ಬದಲಿ ಮಾಡ್ಯೂಲ್ ಕೊಳ್ಳುವುದು ವಾಸಿ.

ಆ ನಾಣ್ಯದ ಸೆಲ್ ಸಿಆರ್2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಉಗುರಿನಿಂದ ಎಬ್ಬಿಸಿ ತೆಗೆಯಬಹುದು, ಸೋರುವುದು ತೀರಾ ಅಪರೂಪ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಿಸಿ ಬೋರ್ಡ್‌ಗಳಲ್ಲಿ ಅದೇ ನೆಲೆಯೂರಿತು, ಇಂದಿಗೂ ಇದೆ.

ಈಗ ಸೋರಿದ ಬೋರ್ಡಿನ ಕಡೆಗೆ ಬರೋಣ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಕ್ಯಾಡ್ಮಿಯಮ್ ವಿಷ. ಕಟ್ಟರ್‌ನಿಂದ ಬ್ಯಾಟರಿಯ ಕಾಲು ಕತ್ತರಿಸಿ ತೆಗೆಯಿರಿ. ಇನ್ನೂ ಸೋರಿಲ್ಲವಲ್ಲ, ಆಮೇಲೆ ನೋಡೋಣ ಎಂದುಕೊಂಡವರ ಬೋರ್ಡ್‌ಗಳೇ ಆಮೇಲೆ ದುರಸ್ತಿಗೆ ಬರುವುದು. ತೆಗೆದದ್ದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ. ನಿಕಲ್-ಕ್ಯಾಡ್ಮಿಯಮ್ ಸೋರಿದ್ದರೆ ಹತ್ತಿಯ ಕಡ್ಡಿಯಲ್ಲಿ ಬಿಳಿ ವಿನೆಗರ್ ಹಚ್ಚಿ, ಕ್ಷಾರ ಸತ್ತು ನೊರೆ ನಿಲ್ಲುವವರೆಗೆ ಉಜ್ಜಿ. ಮ್ಯಾಕ್‌ನ ಲಿಥಿಯಮ್ ಸೆಲ್ ಸೋರಿದ್ದರೆ ವಿನೆಗರ್ ಮುಟ್ಟಬೇಡಿ, ಆಮ್ಲದ ಮೇಲೆ ಆಮ್ಲ ಸುರಿದಂತಾಗುತ್ತದೆ. ಅಲ್ಲಿಗೆ ಅಡುಗೆ ಸೋಡಾ ಕದಡಿದ ನೀರು ಬೇಕು. ಎರಡರಲ್ಲಿ ಯಾವುದೇ ಆಗಲಿ, ಬಳಿಕ ಭಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ಪೂರ್ತಿ ಒಣಗಲು ಬಿಡಿ. ವಿನೆಗರ್ ಹಚ್ಚಿ ತೊಳೆಯದೆ ಬಿಡುವುದು ಹೊಸ ಕಿಲುಬಿಗೆ ನಾವೇ ಕೊಟ್ಟ ಆಹ್ವಾನ.

ನಂತರದ್ದು ತಾಳ್ಮೆಯ ಕೆಲಸ. ಬ್ಯಾಟರಿಯ ಬಳಿಯ ಒಂದೊಂದು ಗೆರೆಯನ್ನೂ ಮಲ್ಟಿಮೀಟರ್ ಹಿಡಿದು ಈ ತುದಿಯಿಂದ ಆ ತುದಿಗೆ ಪರೀಕ್ಷಿಸಬೇಕು. ಬೀಪ್ ಬಾರದಲ್ಲಿ ಸಪೂರ ತಂತಿ ಬೆಸೆದು ಸೇತುವೆ ಕಟ್ಟಬೇಕು. ಚಿಪ್‌ಗಳು ಸಾಕೆಟ್‌ನಲ್ಲಿದ್ದರೆ ಎತ್ತಿ ಕೆಳಗೆ ಇಣುಕಿ, ಕ್ಷಾರ ಅಲ್ಲಿ ಅಡಗಿ ಕೂರುತ್ತದೆ. ಕಪ್ಪಾದ ಬೆಸುಗೆ ಸುಲಭಕ್ಕೆ ಕರಗುವುದಿಲ್ಲ. ಶಾಖ ಹೆಚ್ಚಿಸಿ ಹಟಕ್ಕೆ ಬಿದ್ದರೆ ತಾಮ್ರವೇ ಕಿತ್ತು ಬರುತ್ತದೆ. ಮೊದಲು ಅದನ್ನು ಹದವಾಗಿ ಕೆರೆದು, ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಹಚ್ಚಿ, ಹೊಸ ಬೆಸುಗೆ ಬೆರೆಸಿ ಕರಗಿಸಿ.

ಹಳೆಯದರ ಜಾಗಕ್ಕೆ ಏನನ್ನು ಹಾಕಬೇಕೆಂಬುದು ಬಳಗದಲ್ಲಿ ಮುಗಿಯದ ಜಗಳ. ಐರೋಪ್ಯ ಒಕ್ಕೂಟ 2006ರಿಂದ ಕ್ಯಾಡ್ಮಿಯಮ್ ಬ್ಯಾಟರಿಗಳನ್ನು ನಿರ್ಬಂಧಿಸುತ್ತಾ ಬಂತು, ಅವುಗಳ ಬದಲು ನಿಕಲ್-ಮೆಟಲ್ ಹೈಡ್ರೈಡ್ ಸಿಗುತ್ತದೆ. ಅಳತೆಗೆ ಸರಿ, ವೋಲ್ಟೇಜ್‌ಗೂ ಸರಿ. ಆದರೆ ಅದರೊಳಗಿರುವುದೂ ಅದೇ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್. ಸಿಆರ್2032 ಹಾಕಬಹುದು, ಒಂದು ಷರತ್ತಿನ ಮೇಲೆ: ಮೂಲ ಸರ್ಕ್ಯೂಟ್ ಬ್ಯಾಟರಿಗೆ ಚಾರ್ಜ್ ತುಂಬುವಂಥದ್ದು, ಸಿಆರ್2032 ಚಾರ್ಜ್ ಆಗಬಾರದಂಥದ್ದು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದು ನಡುವೆ ಇಲ್ಲದಿದ್ದರೆ ಸೆಲ್ ಉಬ್ಬಿ ಸಿಡಿಯಬಹುದು. ಅನೇಕ 386, 486 ಬೋರ್ಡ್‌ಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ನಿನ ಕೊಂಡಿ ಇರುತ್ತದೆ. ನನ್ನ ಮತ ಅದಕ್ಕೇ: ತಂತಿ ಎಳೆದು ಸೆಲ್‌ಗಳನ್ನು ಬೋರ್ಡಿನಿಂದ ದೂರ ಇಡುವುದು. ಇನ್ನು ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ (ಹೆಚ್ಚು ವಿದ್ಯುತ್ ಹಿಡಿದಿಡುವ ಕೆಪಾಸಿಟರ್) ಹಾಕಿದರೆ ಚಿಂತೆಯಿಲ್ಲ ಎನ್ನುವವರು 2001ರ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು ತೆರೆದು ನೋಡಬೇಕು. ಅದರ ಗಡಿಯಾರಕ್ಕೆ ಇದ್ದದ್ದು ಅಂಥದ್ದೇ ಕೆಪಾಸಿಟರ್. ಅದೂ ಸೋರಿ ಗೆರೆಗಳನ್ನು ತಿಂದಿತು.

ಇಂಟರ್‌ನೆಟ್ ಮನೆಮನೆಗೆ ಬಂದ ಮೇಲೆ ತಾರೀಖನ್ನು ನೆನಪಿಡುವ ಅಗತ್ಯವೇ ಕಡಿಮೆಯಾಯಿತು, ಕೇಳಿ ತಿಳಿದುಕೊಂಡರೆ ಸಾಕು. 2012ರ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಅಗ್ಗದ ಕಂಪ್ಯೂಟರ್ ಅದನ್ನೇ ನಂಬಿ ಬ್ಯಾಟರಿಯ ಗಡಿಯಾರವಿಲ್ಲದೆ ಬಂತು. ಇಂದಿನ ಪಿಸಿಯಲ್ಲಿ ನಾಣ್ಯದ ಸೆಲ್ ಸತ್ತರೆ ಬಯಾಸ್ (ಸ್ವಿಚ್ ಹಾಕಿದೊಡನೆ ಮೊದಲು ಓಡುವ ತಂತ್ರಾಂಶ) ಹಳೆಯ ಯಾವುದೋ ವರ್ಷಕ್ಕೆ ಜಾರುತ್ತದೆ, ಬ್ರೌಸರ್ ಪ್ರತಿ ತಾಣವೂ ಅಸುರಕ್ಷಿತ ಎಂದು ಗೊಣಗುತ್ತದೆ. ವೈರಸ್ ಹುಡುಕುವ ಮೊದಲು ತಾರೀಖು ನೋಡಿ. 2023ರ ರಾಸ್ಪ್‌ಬೆರಿ ಪೈ 5ರಲ್ಲಿ ಗಡಿಯಾರ ಮರಳಿತು, ಆದರೆ ಬೋರ್ಡಿನ ಮೇಲೆ ಬ್ಯಾಟರಿ ಇಲ್ಲ, ಎರಡು ಪಿನ್ನಿನ ಕೊಂಡಿಯಷ್ಟೇ ಇದೆ. ಬೇಕಾದವರು ಪ್ರತ್ಯೇಕ ಸೆಲ್ ಕೊಂಡು ತಂತಿಯಲ್ಲಿ ಜೋಡಿಸಬೇಕು, 1984ರ ಎಟಿಯ ಹಾಗೆ. ಚಾರ್ಜ್ ಮಾಡುವ ಸೌಲಭ್ಯವನ್ನು ಮೊದಲಿನಿಂದಲೇ ಆಫ್ ಮಾಡಿಟ್ಟಿದ್ದಾರೆ. ನೀವು ಜೋಡಿಸಿರುವುದು ಚಾರ್ಜ್ ಆಗುವ ಸೆಲ್ ಹೌದೋ ಅಲ್ಲವೋ ಎಂದು ನೋಡಿಕೊಳ್ಳದೆ ಅದನ್ನು ಆನ್ ಮಾಡಬೇಡಿ.