ಮೊದ್ಲು ಡಿಸೈನ್ ಆಗ್ಲಿ, ಬರೆಯೋದು ಆಮೇಲೆ ಅಂದ್ರೆ ಆಗಲ್ವಾ?

ಪ್ರಶ್ನೆ: ಮೂಡಿಗೆರೆ ಹತ್ರ ನಮ್ದೊಂದು ಸಣ್ಣ ಹೋಂಸ್ಟೇ ಇದೆ, ನಾಲ್ಕೇ ರೂಮು. ವೆಬ್‌ಸೈಟ್ ಮಾಡಿಸೋಣ ಅಂತ ಡಿಸೈನರ್ ಒಬ್ರಿಗೆ ಹೇಳಿದ್ರೆ ಅವ್ರು "ಮೊದ್ಲು ಕಂಟೆಂಟ್ ಕೊಡಿ" ಅಂತ ಕೂತ್ಬಿಟ್ಟಿದಾರೆ. ಡಿಸೈನ್ ನೋಡ್ದೆ ಏನಂತ ಬರೆಯೋದು ಸರ್? ಅದು ಮುಗೀಲಿ, ಎಲ್ಲೆಲ್ಲಿ ಎಷ್ಟು ಜಾಗ ಇದೆ ನೋಡ್ಕೊಂಡು ತುಂಬಿದ್ರೆ ಆಗಲ್ವಾ?

ಈ ಪ್ರಶ್ನೆ ಬರ್ತಾನೇ ಇರುತ್ತೆ, ಹೋಂಸ್ಟೇ ಜಾಗದಲ್ಲಿ ಒಮ್ಮೊಮ್ಮೆ ಗಾಣದ ಎಣ್ಣೆ, ಒಮ್ಮೊಮ್ಮೆ ಟ್ಯೂಷನ್ ಸೆಂಟರ್ ಅಷ್ಟೇ. ನಿಮ್ ಡಿಸೈನರ್ ಹೇಳ್ತಿರೋದೇ ಸರಿ, ಅಂಥವ್ರು ಸಿಕ್ಕಿದ್ದು ನಿಮ್ ಪುಣ್ಯ ಅನ್ಕೊಳಿ. ಬಹಳ ಜನ ಕೇಳೋಕೇ ಹೋಗಲ್ಲ, ಲೊರೆಮ್ ಇಪ್ಸಮ್ ಅಂತ ಏನೋ ತುಂಬಿ ಚೆಂದ ಮಾಡಿ ತೋರಿಸ್ತಾರೆ, ನಾವೂ ಸೂಪರ್ ಅಂತ ತಲೆ ಆಡಿಸ್ತೀವಿ. ಆ ಲೊರೆಮ್ ಇಪ್ಸಮ್ ಏನು ಗೊತ್ತಾ, ಕ್ರಿ.ಪೂ. 45ರಲ್ಲಿ ರೋಮಿನ ಸಿಸೆರೊ ಬರೆದ ಪುಸ್ತಕದ ಸಾಲುಗಳನ್ನ ಕತ್ತರಿಸಿ ಕಲಸಿದ ಲ್ಯಾಟಿನ್ನು, ಓದಿದ್ರೆ ಅರ್ಥ ಆಗ್ಬಾರ್ದು ಅಂತಾನೇ ಹಾಕೋದು. ಅದರ ಅಳತೆಗೆ ಹೊಲಿದ ಬ್ಲೌಸು ನಿಮಗೆ ಹೆಂಗ್ರೀ ಕೂರುತ್ತೆ?

ನಾನೂ ಕೈ ಸುಟ್ಕೊಂಡೋನೇ. ಪರಿಚಯದವ್ರ ಸೀರೆ ಅಂಗಡಿ ಸೈಟು, ಡಿಸೈನ್ ಓಕೆ ಆಗಿ ದುಡ್ಡೂ ಕೊಟ್ಟಾಗಿತ್ತು, ಆಮೇಲೆ ಕನ್ನಡದಲ್ಲಿ ಬರೆದಿದ್ದನ್ನ ಸುರಿದ್ವಿ ನೋಡಿ, ಎಲ್ಲಾ ಎಡವಟ್ಟು. ನಮ್ ಲಿಪಿಲಿ ಗುಡಿಸು ಮೇಲೆ ಏರುತ್ತೆ, ಒತ್ತು ಕೆಳಗೆ ಇಳಿಯುತ್ತೆ, ಇಂಗ್ಲಿಷ್ ಲೆಕ್ಕದಲ್ಲಿ ಸಾಲು ಒತ್ತೊತ್ತಾಗಿ ಇಟ್ಟಿದ್ರಿಂದ "ವಸ್ತ್ರ" ಅನ್ನೋದ್ರ ಒತ್ತುಗಳು ಹೋಗಿ ಕೆಳಗಿನ ಸಾಲಿನ ತಲೆ ಮೇಲೆ ಕೂತಿದ್ವು. ಪುಟ್ಟ ಬಟನ್‌ನಲ್ಲಿ ಇಂಗ್ಲಿಷಲ್ಲಿ "Buy" ಅಂತ ಇದ್ದ ಕಡೆ "ಈಗಲೇ ಕೊಂಡುಕೊಳ್ಳಿ" ಹಾಕಿದ್ರೆ ಎರಡು ಸಾಲಾಗಿ ಹೊರಗೆ ಇಣುಕ್ತಿತ್ತು. ಮತ್ತೆ ಶುರುವಿಂದ.

ಆದ್ರೆ ಜಾಗ ಸಾಲ್ದೇ ಹೋಗೋದು ಸಣ್ಣ ತಾಪತ್ರಯ, ಹೆಂಗೋ ಸರಿ ಮಾಡ್ಬೋದು. ನಿಜವಾದ ಗೋಳು ಏನಂದ್ರೆ, ಖಾಲಿ ಡಬ್ಬಿ ಮೊದ್ಲು ಕೈಗೆ ಬಂದ್ರೆ ಅದನ್ನ ತುಂಬೋಕೆ ಅಂತಾನೇ ಬರೀತೀವಿ. ಆಗ ಬರೋದು "ಪ್ರಕೃತಿಯ ಮಡಿಲಲ್ಲಿ ಮನೆಯಂಥ ವಾತಾವರಣ". ಈ ಸಾಲಿಗೆ ಪಕ್ಕದ ತೋಟದವ್ರ ಹೋಂಸ್ಟೇ ಹೆಸರು ಹಾಕಿ ನೋಡಿ, ಅವ್ರಿಗೂ ಸರಿಯಾಗೇ ಹೊಂದುತ್ತೆ. ಹಂಗಾದ್ರೆ ನಿಮ್ ಬಗ್ಗೆ ಅದು ಏನೂ ಹೇಳಿಲ್ಲ ಅಂತ ಆಯ್ತಲ್ಲ.

ಬರೆಯೋಕೆ ಏನಿದೆ ಅಂತೀರಾ? ನಿಮ್ ಫೋನಲ್ಲೇ ಇದೆ. ಒಂದು ವಾರ ಫೋನ್ ಮಾಡೋರು, ವಾಟ್ಸಾಪ್ ಮಾಡೋರು ಏನ್ ಕೇಳ್ತಾರೆ ಅಂತ ಅವ್ರ ಮಾತಲ್ಲೇ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳಿ. ಕಾರು ಮನೆವರೆಗೂ ಬರುತ್ತಾ ಜೀಪೇ ಬೇಕಾ, ನೆಟ್‌ವರ್ಕ್ ಸಿಗುತ್ತಾ, ಮಳೆಗಾಲದಲ್ಲಿ ಜಿಗಣೆ ಜಾಸ್ತಿನಾ, ಅಮ್ಮಂಗೆ ಮಂಡಿನೋವು ಮೆಟ್ಲು ಎಷ್ಟಿದೆ, ಡ್ರೈವರ್‌ಗೆ ಮಲಗೋಕೆ ಜಾಗ ಇದ್ಯಾ. ಇದಕ್ಕೆ ನೀವು ಫೋನಲ್ಲಿ ಹೆಂಗೆ ಹೇಳ್ತೀರೋ ಹಂಗೇ ಬರೆದ್ರೆ ಅರ್ಧ ಸೈಟು ರೆಡಿ. ಜಿಗಣೆ ಇದೆ ಅಂತ್ಲೂ ಬರೀರಿ, ಮುಚ್ಚಿಟ್ಟು ಆಮೇಲೆ ರಿವ್ಯೂನಲ್ಲಿ ಬೈಸ್ಕೊಳೋದು ಯಾಕೆ?

ಇನ್ನರ್ಧ, ಯಾರು ಬರ್ಬೇಕು ಅನ್ನೋದು. ಮಕ್ಕಳು ಮರಿ ಕರ್ಕೊಂಡು ಬರೋ ಫ್ಯಾಮಿಲಿನಾ, ರಾತ್ರಿಯಿಡೀ ಸ್ಪೀಕರ್ ಹಾಕೋ ಗ್ಯಾಂಗಾ? ಎರಡೂ ಬೇಕು ಅಂದ್ರೆ ಇಬ್ರೂ ಬೈಕೊಂಡು ಹೋಗ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟ ಎಲ್ಲಾ ಬೆಳ್ಳಗಾಗಿ ಮಲ್ಲಿಗೆ ಥರ ಘಮ್ ಅನ್ನುತ್ತಲ್ಲ, ಎರಡ್ಮೂರು ದಿನದ ಆ ವೈಭೋಗ ನೋಡೋಕೆ ಬರೋರೇ ನಿಮಗೆ ಬೇಕು ಅಂದ್ರೆ ಅದೇ ಮೊದಲ್ನೇ ಸಾಲು. ಈಗ ನೋಡಿ, ಡಿಸೈನೇ ಬದಲಾಯ್ತು: "ಹೂ ಬಿಟ್ಟಾಗ ತಿಳಿಸಿ" ಅಂತ ನಂಬರ್ ತಗೊಳೋ ಬಟನ್ ಮೇಲೇ ಬೇಕು. ಅದೇ ಬರೋರೆಲ್ಲಾ ದಾರಿನೇ ಕೇಳ್ತಾರೆ ಅಂದ್ರೆ ಮ್ಯಾಪು, ಕೊನೇ ಎರಡು ಕಿಲೋಮೀಟರ್ ಮಣ್ಣು ರಸ್ತೆ ಫೋಟೊ ಮೇಲೆ ಬರ್ಬೇಕು. ಇದು ಮೊದ್ಲೇ ಗೊತ್ತಿಲ್ದೆ ಪಾಪ ಡಿಸೈನರ್ ಏನ್ ಮಾಡ್ತಾರೆ, ಎಲ್ರ ಸೈಟಲ್ಲೂ ಇರೋ ಮುಳ್ಳಯ್ಯನಗಿರಿ ಫೋಟೊನೇ ಅಗಲವಾಗಿ ಹಾಕ್ತಾರೆ.

ಉದ್ದುದ್ದ ಬರೀಬೇಡಿ ಮತ್ತೆ. ಜನ ವೆಬ್‌ಸೈಟ್ ಹೆಂಗೆ ಬಳಸ್ತಾರೆ ಅಂತ ಸಂಶೋಧನೆ ಮಾಡೋ ಯಾಕೊಬ್ ನೀಲ್ಸನ್ 1997ರಲ್ಲೇ ಟೆಸ್ಟ್ ಮಾಡಿ ನೋಡಿದಾಗ ನೂರಕ್ಕೆ 79 ಜನ ಹೊಸ ಪೇಜ್ ಮೇಲೆ ಬರೀ ಕಣ್ಣಾಡಿಸಿದ್ರು, ಪದ ಪದ ಓದಿದ್ದು 16 ಜನ. ಇವತ್ತು ಮೊಬೈಲಲ್ಲಿ ನಾವು ಹೆಂಗೆ ಸ್ಕ್ರೋಲ್ ಮಾಡ್ತೀವಿ ಅಂತ ನಮಗೇ ಗೊತ್ತು.

ಅಲ್ಲಿವರೆಗೂ ಡಿಸೈನರ್ ಸುಮ್ನೆ ಕೂರ್ಬೇಕಾ ಅಂದ್ರೆ, ಬೇಡ. ಲೋಗೊ, ಬಣ್ಣ, ಕನ್ನಡಕ್ಕೆ ಹೊಂದೋ ಫಾಂಟ್ ನೋಡ್ತಿರ್ಲಿ. ನೀವು ಆ ನೋಟ್‌ಬುಕ್ ಪುಟಗಳನ್ನ ಫೋಟೊ ತೆಗೆದು ಕಳ್ಸಿದ್ರೂ ನಡೆಯುತ್ತೆ, ಅಕ್ಷರ ಸೊಟ್ಟಗಿದ್ರೂ ಪರ್ವಾಗಿಲ್ಲ.