ಹದಿನಾಲ್ಕನೇ ವಾರಕ್ಕೂ ಮೊದಲು

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕ್ಯಾಲ್ಸಿಯಂ ಗುಳಿಗೆಯಲ್ಲಿ ಕ್ಯಾಲ್ಸಿಯಂ ಒಂದೇ ಇರುವುದಿಲ್ಲ, 250 ಯೂನಿಟ್ ವಿಟಮಿನ್ ಡಿ ಕೂಡ ಇರುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಅದನ್ನು ದಿನಕ್ಕೆ ಎರಡು ಬಾರಿ, ಹದಿನಾಲ್ಕನೇ ವಾರದಿಂದ ನುಂಗಬೇಕು. ಮಗುವಿನ ಎಲುಬು ಬಲಿಯುವುದಕ್ಕೆ ಇದು ತಕ್ಕ ಸಮಯವೇ. ಆದರೆ ಗರ್ಭಪಾತಗಳಲ್ಲಿ ಬಹುಪಾಲು ಆಗುವುದು ಮೊದಲ ಹನ್ನೆರಡು ವಾರಗಳೊಳಗೆ. ವಿಟಮಿನ್ ಡಿಗೂ ಗರ್ಭ ನಿಲ್ಲುವುದಕ್ಕೂ ಸಂಬಂಧವಿದೆ ಎಂದಾದರೆ, ಯಾದಗಿರಿಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ ಆ ಗುಳಿಗೆ ತಂದುಕೊಡುವ ಹೊತ್ತಿಗೆ ಅಪಾಯದ ಕಾಲ ಕಳೆದೇ ಹೋಗಿರುತ್ತದೆ.

ಸಂಬಂಧವಿರಬಹುದು ಎನ್ನಲು ಕಾರಣಗಳಿವೆ. ವಿಟಮಿನ್ ಡಿ ಹೆಸರಿಗಷ್ಟೇ ವಿಟಮಿನ್, ಕೆಲಸದಲ್ಲಿ ಹಾರ್ಮೋನು. ಚರ್ಮದಲ್ಲಿರುವ ಕೊಲೆಸ್ಟರಾಲ್ ಜಾತಿಯ ವಸ್ತುವೊಂದರ ಮೇಲೆ ಸೂರ್ಯನ ನೇರಳಾತೀತ ಬಿ ಕಿರಣ ಬಿದ್ದಾಗ ಅದು ಹುಟ್ಟುತ್ತದೆ. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ರೂಪ ಬದಲಿಸಿಕೊಂಡ ಮೇಲೆಯೇ ಕೆಲಸಕ್ಕೆ ಬರುತ್ತದೆ. ಬಸುರಿಯಲ್ಲಿ ಈ ಕೊನೆಯ ಹಂತವನ್ನು ಗರ್ಭಕೋಶದ ಒಳಪದರವೂ ಮಾಸುವೂ ತಾವೇ ಮಾಡಬಲ್ಲವು. ಮೊದಲ ಮೂರು ತಿಂಗಳಲ್ಲೇ ರಕ್ತದಲ್ಲಿ ಅದರ ಸಕ್ರಿಯ ರೂಪ ಏರತೊಡಗಿ, ಮುಂದೆ ಎರಡು-ಮೂರು ಪಟ್ಟಾಗುತ್ತದೆ. ಏರಿಕೆ ಶುರುವಾಗುವ ಹೊತ್ತಿಗೆ ಭ್ರೂಣಕ್ಕಿನ್ನೂ ಹೇಳಿಕೊಳ್ಳುವಂಥ ಎಲುಬೇ ಇರುವುದಿಲ್ಲ. ಹಾಗಾದರೆ ಈ ಏರಿಕೆ ಯಾವುದಕ್ಕೆ? ಸಂಶೋಧಕರ ಕಣ್ಣು ಹೋಗಿರುವುದು ರೋಗನಿರೋಧಕ ವ್ಯವಸ್ಥೆಯ ಕಡೆಗೆ. ಭ್ರೂಣದ ಅರ್ಧ ಜೀನುಗಳು ತಂದೆಯವು, ತಾಯಿಯ ದೇಹಕ್ಕೆ ಅವು ಪರಕೀಯ. ಗರ್ಭಕೋಶದ ಒಳಪದರದಲ್ಲಿ ಕಿಕ್ಕಿರಿದಿರುವ ನಿರೋಧಕ ಕೋಶಗಳು ಆ ಪರಕೀಯವನ್ನು ಸಹಿಸಿಕೊಳ್ಳಬೇಕು. ವಿಟಮಿನ್ ಡಿ ಇಂಥ ಕೋಶಗಳ ಉರಿಯೂತದ ಆವೇಶವನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡ ಸಂಗತಿ.

ಪ್ರಯೋಗಾಲಯದಲ್ಲಿ ಕಂಡದ್ದು ಮನುಷ್ಯರಲ್ಲಿಯೂ ನಿಜವಾಗಬೇಕಲ್ಲ. ಡೆನ್ಮಾರ್ಕಿನ ಓಡೆನ್ಸೆಯಲ್ಲಿ 1,683 ಗರ್ಭಿಣಿಯರ ರಕ್ತ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನಮ್ಮ ಲ್ಯಾಬ್ ವರದಿಗಳ ಭಾಷೆಯಲ್ಲಿ ಹೇಳುವುದಾದರೆ, ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರಲ್ಲಿ ಮೊದಲ ಮೂರು ತಿಂಗಳ ಗರ್ಭಪಾತದ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಆಮೇಲಿನ ತಿಂಗಳುಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಗರ್ಭಪಾತವಾದವರು ಒಟ್ಟು 58 ಮಂದಿ ಮಾತ್ರ ಎಂಬುದನ್ನು ಮರೆಯಬಾರದು. 2018ರಲ್ಲಿ ಬಂದ ಅಮೆರಿಕದ ಅಧ್ಯಯನ ನನಗೆ ಹೆಚ್ಚು ಕುತೂಹಲದ್ದು. ಹಿಂದೆ ಒಂದೆರಡು ಬಾರಿ ಗರ್ಭ ಕಳೆದುಕೊಂಡಿದ್ದ ಸುಮಾರು 1,200 ಮಹಿಳೆಯರನ್ನು ಬಸಿರಾಗುವ ಮೊದಲೇ ಪರೀಕ್ಷಿಸಿ ಹಿಂಬಾಲಿಸಿದ ಅಧ್ಯಯನ ಅದು. ಬಸಿರಿಗೆ ಮುಂಚಿನ ಮಟ್ಟ 10 ನ್ಯಾನೊಗ್ರಾಂ ಹೆಚ್ಚಿದ್ದಲ್ಲಿ ಗರ್ಭ ನಷ್ಟದ ಸಂಭವ ಶೇ. 12ರಷ್ಟು ಕಡಿಮೆಯಿತ್ತು. ಎಂಟನೇ ವಾರದಲ್ಲಿ ಅಳೆದ ಮಟ್ಟಕ್ಕೆ ಮಾತ್ರ ಯಾವ ನಂಟೂ ಕಾಣಲಿಲ್ಲ. ಹಾಗಿದ್ದರೆ ಎಂಟನೇ ವಾರವೂ ತಡವೇ.

ಇಷ್ಟಾದರೂ ಕೊರತೆಯೇ ಕಾರಣ ಎಂದು ಬರೆಯಲು ನನ್ನ ಕೈ ಓಡುವುದಿಲ್ಲ. ಇವೆಲ್ಲ ಜೊತೆಜೊತೆಗೆ ಕಂಡ ಸಂಗತಿಗಳು. ಸ್ಥೂಲಕಾಯದವರಲ್ಲಿ, ಕಾಯಿಲೆಯಿಂದ ಮನೆಯೊಳಗೇ ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ. ಗರ್ಭಪಾತಕ್ಕೆ ಆ ಸ್ಥಿತಿಗಳೇ ಕಾರಣವಾಗಿರಬಹುದು. ಗುಳಿಗೆ ಕೊಟ್ಟು ಗರ್ಭಪಾತ ತಡೆಯಬಹುದೆಂದು ದೊಡ್ಡ ಪ್ರಯೋಗ ಯಾವುದೂ ಇನ್ನೂ ಸಾಬೀತುಪಡಿಸಿಲ್ಲ. ಜೊತೆಗೆ ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ಆಗುವುದು ಭ್ರೂಣದ ವರ್ಣತಂತುಗಳ ದೋಷದಿಂದ. ಅದನ್ನು ಯಾವ ಗುಳಿಗೆಯೂ ತಿದ್ದಲಾರದು. ಗರ್ಭ ನಿಲ್ಲದಿದ್ದರೆ ‘ಪಪ್ಪಾಯಿ ತಿಂದಳು, ಕೊಡ ಎತ್ತಿದಳು’ ಎಂದು ಸೊಸೆಯ ಮೇಲೆ ಗೂಬೆ ಕೂರಿಸುವುದು ನಮ್ಮಲ್ಲಿ ಮೊದಲೇ ಇದೆ. ಆ ಪಟ್ಟಿಗೆ ಲ್ಯಾಬ್ ವರದಿಯೊಂದು ಸೇರುವುದು ಬೇಡ.

ಇನ್ನು ಬಿಸಿಲಿನ ಮಾತು. ಕಲಬುರಗಿಯ ಬಿಸಿಲಿಗೆ ವಿಟಮಿನ್ ಡಿ ಕೊರತೆಯೇ ಎಂದು ನಗುವವರಿದ್ದಾರೆ. ಬಿಸಿಲಿನ ತಾಪಕ್ಕೂ ವಿಟಮಿನ್ ಡಿಗೂ ನೇರ ಸಂಬಂಧವಿಲ್ಲ. ಬೇಕಾದದ್ದು ನೇರಳಾತೀತ ಬಿ ಕಿರಣ, ಅದು ಹೇರಳವಾಗಿ ನೆಲಕ್ಕೆ ಇಳಿಯುವುದು ಸೂರ್ಯ ಮೇಲೇರಿದಾಗ. ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣ ಸಾಕಷ್ಟಿದೆ ಎಂದು ತಿಳಿಯಬಹುದು. ಕಲಬುರಗಿಯಲ್ಲಿ ಮೇ ತಿಂಗಳಿನಲ್ಲಿ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೇ ನೆರಳು ಅಷ್ಟು ಗಿಡ್ಡವಾಗುತ್ತದೆ. ಡಿಸೆಂಬರಿನಲ್ಲಾದರೆ ಹನ್ನೊಂದರಿಂದ ಒಂದೂವರೆಯವರೆಗೆ ಮಾತ್ರ. ಬಾಣಂತಿಗೂ ಕೂಸಿಗೂ ಕಾಯಿಸುವ ಎಳೆ ಬಿಸಿಲು ಹಿತವೇನೋ ಹೌದು, ಆದರೆ ಅದರಲ್ಲಿ ಈ ಕಿರಣ ತೀರಾ ಕಡಿಮೆ. ಕಿಟಕಿಯ ಗಾಜಿನೊಳಗೆ ಕೂತರೆ ಅದೂ ಇಲ್ಲ.

ಡಿಸೆಂಬರಿನ ನಡುಹಗಲಿನಲ್ಲಿ ತೊಗರಿ ಕೊಯ್ಯುವ ಹೆಂಗಸನ್ನು ನೋಡಿ: ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆ ಮುಚ್ಚಿ ಕಿವಿಗೆ ಬಿಗಿದ ಸೆರಗು. ಬಿಸಿಲಿಗೆ ಸಿಗುವುದು ಮುಂಗೈ ಮತ್ತು ಅರ್ಧ ಮುಖ. ಊರೊಳಗೆ ಬುರ್ಖಾ ತೊಟ್ಟವಳಿಗೆ ಅಷ್ಟೂ ಇಲ್ಲ. ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು. ಊಟದಿಂದ ತುಂಬಿಕೊಳ್ಳೋಣವೆಂದರೆ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಇವುಗಳಲ್ಲಿ ವಿಟಮಿನ್ ಡಿ ಇಲ್ಲವೇ ಇಲ್ಲ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ, ಕೊಬ್ಬಿರುವ ಮೀನಿನಲ್ಲಿ ಚೆನ್ನಾಗಿಯೇ ಇದೆ, ಪ್ಲಸ್ ಎಫ್ ಗುರುತಿನ ಹಾಲು-ಎಣ್ಣೆಗೆ ಬೆರೆಸಿರುತ್ತಾರೆ.

ಹಾಗೆಂದು ಬಸುರಿಯನ್ನು ಬಿಸಿಲಿಗೆ ಕಳಿಸಿ ಎನ್ನುವಂತೆಯೂ ಇಲ್ಲ. ತಮಿಳುನಾಡಿನಲ್ಲಿ 800 ಗರ್ಭಿಣಿಯರನ್ನು ಗಮನಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ: ವಿಪರೀತ ಸೆಕೆಯಲ್ಲಿ ದುಡಿಯುವವರಲ್ಲಿ ಗರ್ಭಪಾತದ ಸಂಭವ ಸರಿಸುಮಾರು ಎರಡು ಪಟ್ಟು. ಏಪ್ರಿಲ್-ಮೇ ತಿಂಗಳಿನಲ್ಲಿ ತಾಪಮಾನ 40 ಡಿಗ್ರಿ ದಾಟುವ ನಮ್ಮ ಕಡೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ‘ಬಸುರಿ ಬಿಸಿಲಿಗೆ ಹೋಗಬಾರದು’ ಎನ್ನುವ ಅಜ್ಜಿಯ ಮಾತಿಗೆ ಬೇಸಿಗೆಯ ಮಟ್ಟಿಗಾದರೂ ನನ್ನ ಒಪ್ಪಿಗೆಯಿದೆ.

ಆದ್ದರಿಂದ ಉಳಿಯುವುದು ಗುಳಿಗೆ. ಅದರ ಬಗ್ಗೆಯೂ ತಜ್ಞರಲ್ಲಿ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಗರ್ಭಿಣಿಯರಿಗೂ ಇದನ್ನು ಶಿಫಾರಸು ಮಾಡುವುದಿಲ್ಲ. ಕೊರತೆಯ ಶಂಕೆ ಇದ್ದವರಿಗೆ ದಿನಕ್ಕೆ 200 ಯೂನಿಟ್ ಎನ್ನುತ್ತದೆ. ಹಾರ್ಮೋನು ತಜ್ಞರ ಸಂಘವಾದ ಅಮೆರಿಕದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಪರೀಕ್ಷೆಯ ಗೋಜಿಲ್ಲದೆ ಗರ್ಭಿಣಿಯರಿಗೆ ಕೊಡುವುದು ಒಳ್ಳೆಯದು ಎಂದಿದೆ. ನನ್ನ ಕಣ್ಣಿಗೆ ಕಾಣುವ ದಾರಿ ಇಷ್ಟು: ಮದುವೆಯಾಗಿ ಮಗು ಬೇಕೆಂದುಕೊಂಡಾಗಲೇ, ಅದರಲ್ಲೂ ಹಿಂದೆ ಗರ್ಭ ಹೋಗಿದ್ದರೆ, ಫೋಲಿಕ್ ಆಮ್ಲದ ಗುಳಿಗೆ ಕೇಳಲು ಹೋದ ದಿನವೇ ವೈದ್ಯರೊಂದಿಗೆ ಇದನ್ನೂ ಮಾತಾಡಿ, ಕಡಿಮೆ ಇದ್ದರೆ ಬಸಿರಿಗೆ ಮೊದಲೇ ಸರಿಪಡಿಸಿಕೊಳ್ಳುವುದು.

ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವುದು ಬೇರೆಯದೇ ಕಥೆ. ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ 60,000 ಯೂನಿಟ್ ಪುಡಿಯನ್ನು ದಿನಕ್ಕೊಂದರಂತೆ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಅದರ ಮೊದಲ ಲಕ್ಷಣಗಳು ವಾಕರಿಕೆ, ವಾಂತಿ, ಮಲಬದ್ಧತೆ, ಸುಸ್ತು. ಎರಡನೇ ತಿಂಗಳ ಬಸುರಿಯಲ್ಲಿ ಇವನ್ನು ಕಂಡರೆ ಮನೆಯವರಿಗೆ ಅನುಮಾನವೇ ಬರುವುದಿಲ್ಲ.